ತಂತಿ ಎಲ್ಲಿ ಹೋಯ್ತು?

ಬಿಇ ಓದುವಾಗ ನಮ್ಮ ಲ್ಯಾಬಿನಲ್ಲಿ ಒಂದು ಲಿನಕ್ಸ್ ಸರ್ವರ್ ಇತ್ತು. ನಾವೆಲ್ಲ ವಿಂಡೋಸ್ ಪಿಸಿಗಳ ಮುಂದೆ ಕೂತು, ಟೆಲ್‌ನೆಟ್‌ನಲ್ಲಿ ಅದಕ್ಕೆ ಲಾಗಿನ್ ಆಗಿ ಸಿ ಪ್ರೋಗ್ರಾಮ್ ಬರೀತಿದ್ವಿ. ಹಳ್ಳಿಯಿಂದ ಬಂದ ನನಗೆ ಆ ಕಪ್ಪು ಕಿಟಕಿಯೇ ದೊಡ್ಡ ಬೆರಗು. ಪಾಸ್‌ವರ್ಡ್ ಒತ್ತುವಾಗ ಪರದೆ ಮೇಲೆ ಒಂದು ಚುಕ್ಕಿಯೂ ಮೂಡುತ್ತಿರಲಿಲ್ಲ. ಎಷ್ಟು ಭದ್ರವಾಗಿದೆ ಅಂದುಕೊಂಡಿದ್ದೆ.

ಒಂದು ದಿನ ಪಕ್ಕದಲ್ಲಿ ಕೂತಿದ್ದ ಗೆಳೆಯ ವೈರ್‌ಶಾರ್ಕ್ ತೆರೆದು ನನ್ನ ಪಾಸ್‌ವರ್ಡನ್ನು ಅಕ್ಷರ ಅಕ್ಷರವಾಗಿ ಓದಿ ಹೇಳಿದ. ಅದು ನಮ್ಮನೆ ಹಸುವಿನ ಹೆಸರು. ಲ್ಯಾಬಿಗೆ ಲ್ಯಾಬೇ ನಕ್ಕಿತು, ನಾನೂ ನಕ್ಕೆ. ಹಾಸ್ಟೆಲಿಗೆ ಬಂದ ಮೇಲೆ ನೆನಪಾಯ್ತು, ನನ್ನ ಈಮೇಲಿನ ಪಾಸ್‌ವರ್ಡೂ ಅದೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಅಲ್ಲಿ ಆಗಿದ್ದು ಇಷ್ಟೇ. ಲ್ಯಾಬಿನಲ್ಲಿ ಇದ್ದದ್ದು ಹಳೇ ಹಬ್. ಒಬ್ಬನ ಪ್ಯಾಕೆಟ್ ಎಲ್ಲರ ಪಿಸಿಗೂ ಹೋಗುತ್ತಿತ್ತು. ಟೆಲ್‌ನೆಟ್ ನಾವು ಒತ್ತಿದ ಅಕ್ಷರವನ್ನು ಯಾವ ಗೂಢಲಿಪಿಯೂ ಇಲ್ಲದೆ ಹಾಗೇ ಕಳಿಸುತ್ತದೆ. ಸರ್ವರ್ ಅದನ್ನು ತಿರುಗಿ ಕಳಿಸಿದಾಗಲೇ ನಮ್ಮ ಪರದೆ ಮೇಲೆ ಅಕ್ಷರ ಕಾಣೋದು. ಪಾಸ್‌ವರ್ಡಿನ ಸರದಿ ಬಂದಾಗ ಸರ್ವರ್ ತಿರುಗಿ ಕಳಿಸೋದನ್ನು ಮಾತ್ರ ನಿಲ್ಲಿಸುತ್ತದೆ. ಹಿಂದೆ ನಿಂತು ಇಣುಕುವವನಿಗೆ ಕಾಣದ ಪಾಸ್‌ವರ್ಡ್, ನೆಟ್‌ವರ್ಕಿನಲ್ಲಿ ಕೂತವನಿಗೆ ಪೂರ್ತಿ ಕಾಣುತ್ತದೆ.

ಟರ್ಮಿನಲ್ ಎಮ್ಯುಲೇಟರ್ ಅನ್ನೋ ಹೆಸರಲ್ಲೇ ಅದರ ಕಥೆ ಇದೆ. ಅದು ಒಂದು ಹಳೇ ಯಂತ್ರದ ಅನುಕರಣೆ. 1978ರಲ್ಲಿ ಡಿಇಸಿ ಕಂಪನಿ ವಿಟಿ100 ಅನ್ನೋ ಟರ್ಮಿನಲ್ ತಂದಿತು. ಒಂದು ಪರದೆ, ಒಂದು ಕೀಬೋರ್ಡು, 80 ಕಾಲಮ್, 24 ಸಾಲು. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ತೆರೆಯುವ ಕಪ್ಪು ಕಿಟಕಿ ಆ ಯಂತ್ರದ ವೇಷ ಹಾಕಿ ನಿಂತಿದೆ. ಕರ್ಸರ್ ಎಲ್ಲಿಗೆ ಸರಿಯಬೇಕು, ಯಾವ ಅಕ್ಷರ ದಪ್ಪಗಾಗಬೇಕು, ಗಂಟೆ ಯಾವಾಗ ಬಾರಿಸಬೇಕು, ಎಲ್ಲಕ್ಕೂ ಅದೇ ಹಳೇ ಸಂಕೇತಗಳು. ವೇಷ ಎಷ್ಟು ಚೆನ್ನಾಗಿದೆ ಅಂದ್ರೆ ಆಗಿನ ಕಾಲದ ಪ್ರೋಗ್ರಾಮುಗಳಿಗೂ ವ್ಯತ್ಯಾಸ ಗೊತ್ತಾಗಲ್ಲ.

ಆದರೆ ಅನುಕರಣೆಯಲ್ಲಿ ಒಂದು ವಸ್ತು ಬಿಟ್ಟುಹೋಗಿದೆ: ತಂತಿ. ವಿಟಿ100ರ ಹಿಂಭಾಗದಿಂದ ಒಂದು ಸೀರಿಯಲ್ ಕೇಬಲ್ ಹೊರಡುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ಹೋದರೆ ಅದು ಯಾವ ಯಂತ್ರಕ್ಕೆ ಸೇರಿದೆ ಅಂತ ಪತ್ತೆ ಮಾಡಬಹುದಿತ್ತು. ನಾನು ಯಾರ ಜೊತೆ ಮಾತಾಡ್ತಿದ್ದೀನಿ ಅನ್ನೋ ಪ್ರಶ್ನೆಗೆ ಆ ತಂತಿಯೇ ಉತ್ತರ. ಲ್ಯಾನ್ ಬಂದ ಮೇಲೆ ತಂತಿ ಎಲ್ಲರದ್ದೂ ಆಯ್ತು. ಎಮ್ಯುಲೇಟರ್ ಪರದೆಯನ್ನು ಉಳಿಸಿಕೊಂಡಿತು, ತಂತಿಯ ನಂಬಿಕೆಯನ್ನು ಉಳಿಸಲಿಲ್ಲ. ನಾವು ಮಾತ್ರ ತಂತಿ ಇನ್ನೂ ಇದೆ ಅಂತಲೇ ವರ್ತಿಸ್ತೀವಿ. "ಇದು ನಮ್ಮದೇ ಲ್ಯಾನ್ ಬಿಡಿ, ಹೊರಗಿನವರು ಯಾರು ಬರ್ತಾರೆ?" ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೀನೋ ಲೆಕ್ಕವಿಲ್ಲ. ಸ್ವಿಚ್ಚು, ರೌಟರು, ಪ್ರಿಂಟರುಗಳಲ್ಲಿ ಇವತ್ತಿಗೂ ಟೆಲ್‌ನೆಟ್ ಜೀವಂತ ಇರೋದಕ್ಕೆ ಈ ಮಾತೂ ಒಂದು ಕಾರಣ.

ಈ ಮಾತು ಎಷ್ಟು ಪೊಳ್ಳು ಅನ್ನೋದಕ್ಕೆ ಎಸ್‌ಎಸ್‌ಎಚ್ ಹುಟ್ಟಿದ ಕಥೆಯೇ ಸಾಕ್ಷಿ. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲೇ ಯಾರೋ ಪಾಸ್‌ವರ್ಡ್ ಕದಿಯುತ್ತಿದ್ದದ್ದು ಬಯಲಾಯಿತು. ಆಗ ಅಲ್ಲಿದ್ದ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಅಂದರೆ ಕಳ್ಳತನ ಆಗಿದ್ದು ಮನೆಯೊಳಗೇ.

ಎಸ್‌ಎಸ್‌ಎಚ್ ತಂತಿಯ ಎರಡೂ ಕೆಲಸ ಮಾಡುತ್ತದೆ. ಮಾತನ್ನು ಮುಚ್ಚಿ ಕಳಿಸುತ್ತದೆ, ಆಚೆ ಇರೋದು ಯಾರು ಅಂತಲೂ ಪರೀಕ್ಷಿಸುತ್ತದೆ. ಈ ಎರಡನೆಯದರಲ್ಲೇ ನನ್ನ ತಕರಾರು ಇರೋದು. ಸೈಮನ್ ಟ್ಯಾಥಮ್ ಬರೆದ, ಆಫೀಸಿನಲ್ಲಿ ನಾವೆಲ್ಲ ಪ್ರೀತಿಯಿಂದ 'ಪುಟ್ಟಿ' ಅನ್ನುವ ಸಾಫ್ಟ್‌ವೇರನ್ನೇ ತಗೊಳ್ಳಿ. ಹೆಸರಿಗೆ ತಕ್ಕ ಹಾಗೆ ಚಿಕ್ಕದು, ಉಚಿತ, ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ. ಇದರ ಋಣ ನಮ್ಮ ಮೇಲಿದೆ. ಆದರೂ ಹೇಳಬೇಕಾದ್ದು ಹೇಳಲೇಬೇಕು.

ಹೊಸ ಸರ್ವರಿಗೆ ಮೊದಲ ಸಲ ಹೋದಾಗ ಪುಟ್ಟಿ ಒಂದು ಪೆಟ್ಟಿಗೆ ತೋರಿಸುತ್ತದೆ. ಅದರಲ್ಲಿ ಫಿಂಗರ್‌ಪ್ರಿಂಟ್ ಅನ್ನೋ ಉದ್ದನೆಯ ಅಕ್ಷರಮಾಲೆ, ಕೆಳಗೆ ಒಪ್ಪಿಗೆಯ ಬಟನ್. ನಮ್ಮೂರಲ್ಲಿ ರಾತ್ರಿ ಬಾಗಿಲು ತಟ್ಟಿದರೆ ಅಜ್ಜಿ "ಯಾರಪ್ಪಾ ಅದು?" ಅನ್ನೋಳು. "ನಾನು" ಅಂದರೆ ಸಾಲದು. "ನಾನು ಅಂದ್ರೆ ಯಾರು?" ಅಂತ ಮತ್ತೆ ಕೇಳಿ, ದನಿಯ ಗುರುತು ಹತ್ತಿದ ಮೇಲೇ ಚಿಲಕ ತೆಗೆಯೋಳು. ಫಿಂಗರ್‌ಪ್ರಿಂಟ್ ಅಂದರೆ ಆ ದನಿ. ನಾವೋ, ದನಿ ಕೇಳಿಸಿಕೊಳ್ಳದೆ ಚಿಲಕ ತೆಗೀತೀವಿ.

ತಪ್ಪು ನಮ್ಮದು ಮಾತ್ರವಲ್ಲ. ಆ ದನಿಯನ್ನು ಮೊದಲು ಎಲ್ಲಿ ಕೇಳಿರಬೇಕಿತ್ತು, ಯಾರನ್ನು ವಿಚಾರಿಸಬೇಕು ಅಂತ ಯಾರೂ ನಮಗೆ ಹೇಳಿರಲ್ಲ. ಲ್ಯಾನಿನಲ್ಲಂತೂ ಕಷ್ಟ ಇನ್ನೂ ಹೆಚ್ಚು. ಡಿಎಚ್‌ಸಿಪಿ ಇವತ್ತು ಒಂದು ಯಂತ್ರಕ್ಕೆ ಕೊಟ್ಟ ವಿಳಾಸವನ್ನು ನಾಳೆ ಇನ್ನೊಂದಕ್ಕೆ ಕೊಡುತ್ತದೆ. ಟೆಸ್ಟ್ ಯಂತ್ರಗಳನ್ನು ಅಳಿಸಿ ಮತ್ತೆ ಹಾಕ್ತಾನೇ ಇರ್ತಾರೆ. ಪ್ರತಿ ಸಲವೂ ಕೀ ಬದಲಾಗಿದೆ ಅನ್ನೋ ದೊಡ್ಡ ಎಚ್ಚರಿಕೆ. ಹತ್ತು ಸಲ ಸುಳ್ಳಾದ ಎಚ್ಚರಿಕೆಯನ್ನು ಹನ್ನೊಂದನೇ ಸಲ ಯಾರು ಓದ್ತಾರೆ? ಕಂಪನಿಯೇ ತನ್ನ ಸರ್ವರುಗಳಿಗೆಲ್ಲ ಸಹಿ ಮಾಡಿದ ಸರ್ಟಿಫಿಕೇಟ್ ಕೊಟ್ಟರೆ ಈ ಪ್ರಶ್ನೆಯೇ ಏಳುವುದಿಲ್ಲ. ಪುಟ್ಟಿಗೂ 0.78ನೇ ಆವೃತ್ತಿಯಿಂದ ಅದು ಅರ್ಥವಾಗುತ್ತದೆ. ಅದನ್ನು ಕೂತು ಸಿದ್ಧಮಾಡುವ ತಾಳ್ಮೆ ಮಾತ್ರ ಬೇಕು.

ಇನ್ನೊಂದು ತಕರಾರು. ಈ ಕಿಟಕಿಗಳೆಲ್ಲ ಒಂದೇ ಥರ. ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಸಂಜೆ ನಾನು ಟೆಸ್ಟ್ ಯಂತ್ರ ಅಂದುಕೊಂಡು ಗ್ರಾಹಕರ ಲೈವ್ ಯಂತ್ರವನ್ನು ರೀಬೂಟ್ ಮಾಡಿದೆ. ಐಪಿ ವಿಳಾಸದಲ್ಲಿ ಒಂದೇ ಅಂಕಿ ವ್ಯತ್ಯಾಸ. ತಪ್ಪು ನೂರಕ್ಕೆ ನೂರು ನನ್ನದು, ಬೈಗುಳವೂ ನನಗೇ ಸೇರಿದ್ದು. ಆಮೇಲೆ ಯೋಚಿಸಿದೆ: ಎರಡು ಟರ್ಮಿನಲ್ ಎರಡು ಮೇಜಿನ ಮೇಲಿದ್ದ ಕಾಲದಲ್ಲಿ ಈ ತಪ್ಪು ಮಾಡೋಕೆ ಕುರ್ಚಿಯಿಂದ ಎದ್ದು ಹೋಗಬೇಕಿತ್ತು. ಈಗ ಒಂದು ಕ್ಲಿಕ್ ಸಾಕು. ಪುಟ್ಟಿಯಲ್ಲಿ ಪ್ರತಿ ಸರ್ವರಿಗೂ ಬೇರೆ ಬಣ್ಣ ಇಡಬಹುದು, ನಿಜ. ಆದರೆ ಸೆಷನ್ ಲೋಡ್ ಮಾಡಿ, ಬಣ್ಣದ ಪುಟಕ್ಕೆ ಹೋಗಿ ಬದಲಿಸಿ, ಮತ್ತೆ ಮೊದಲ ಪುಟಕ್ಕೆ ಬಂದು ಸೇವ್ ಒತ್ತಬೇಕು. ಕೊನೆಯದನ್ನು ಮರೆತರೆ ಮಾಡಿದ್ದೆಲ್ಲ ಹೋಯ್ತು. ಜೀವ ಉಳಿಸೋ ಸೌಲಭ್ಯವನ್ನು ಇಷ್ಟು ಒಳಗೆ ಬಚ್ಚಿಡಬಾರದು.

ನಾನಂತೂ ಈಗ ಲೈವ್ ಯಂತ್ರಗಳಿಗೆಲ್ಲ ಕಡುಗೆಂಪು ಹಿನ್ನೆಲೆ ಇಟ್ಟಿದ್ದೀನಿ. ಹೊಸ ಸರ್ವರ್ ಬಂದರೆ ಅದನ್ನು ನೋಡಿಕೊಳ್ಳುವವರಿಗೆ ಫೋನ್ ಮಾಡಿ ಫಿಂಗರ್‌ಪ್ರಿಂಟಿನ ಮೊದಲ, ಕೊನೆಯ ಅಕ್ಷರಗಳನ್ನಾದರೂ ತಾಳೆ ನೋಡ್ತೀನಿ. ಪೂರ್ತಿ ನೋಡೋದೇ ಸರಿ, ಆದರೂ ಏನೂ ನೋಡದೇ ಇರೋದಕ್ಕಿಂತ ಇದು ವಾಸಿ. ಹೊಸದಾಗಿ ಸೇರಿದ ಹುಡುಗರು "ಏನ್ ಸಾರ್, ನಮ್ಮದೇ ಲ್ಯಾನ್ ಅಲ್ವಾ?" ಅಂತ ನಗ್ತಾರೆ. ನಾನು ಅವರಿಗೆ ಹಸುವಿನ ಕಥೆ ಹೇಳ್ತೀನಿ. ಹೆಸರು ಮಾತ್ರ ಹೇಳಲ್ಲ.