ಜೇಕಿನ ತಿರುಳಿನ ಹಾಳೆ

ಪಪೈರಸ್ ನಮ್ಮ ಹೊಲಗಳ ಜೇಕಿನ ಕುಲದ್ದೇ ಗಿಡ. ನೈಲ್ ನದಿಯ ಜವುಗಿನಲ್ಲಿ ಅದು ನಾಲ್ಕೈದು ಮೀಟರ್ ಎತ್ತರಕ್ಕೆ ಬೆಳೆಯುತ್ತಿತ್ತು. ದಂಟು ಮೂರು ಮೂಲೆಯದು. ಹಸಿರು ಸಿಪ್ಪೆ ಸುಲಿದರೆ ಒಳಗೆ ಬೆಳ್ಳನೆಯ ತಿರುಳು. ಈಜಿಪ್ಟಿನವರು ಆ ತಿರುಳನ್ನು ತೆಳು ಪಟ್ಟಿಗಳಾಗಿ ಸೀಳಿ, ಒಂದು ಪದರ ಉದ್ದಕ್ಕೆ, ಅದರ ಮೇಲೊಂದು ಪದರ ಅಡ್ಡಕ್ಕೆ ಹಾಸಿ, ಒತ್ತಿ ಒಣಗಿಸುತ್ತಿದ್ದರು. ಗಿಡದ ರಸವೇ ಪದರಗಳನ್ನು ಹಿಡಿದಿಡುತ್ತದೆ. ಹಾಳೆಯನ್ನು ಬೆಳಕಿಗೆ ಹಿಡಿದರೆ ಹೆಣೆದುಕೊಂಡ ನಾರುಗಳು ಇಂದಿಗೂ ಸ್ಪಷ್ಟವಾಗಿ ಕಾಣುತ್ತವೆ. ಎಷ್ಟು ಸರಳ, ಎಷ್ಟು ಜಾಣತನದ ಕೆಲಸ!

ಹಾಳೆಗೆ ಹಾಳೆ ಅಂಟಿಸಿ ಸುರುಳಿ ಮಾಡುತ್ತಿದ್ದರು. ಜೊಂಡಿನ ಕಡ್ಡಿಯೇ ಲೇಖನಿ, ಕಾಡಿಗೆಯೇ ಶಾಯಿ, ತಲೆಬರಹಕ್ಕೆ ಕೆಮ್ಮಣ್ಣು.

ನನಗೆ ಎಲ್ಲಕ್ಕಿಂತ ಅಚ್ಚುಮೆಚ್ಚು ಮೆರೆರ್ ಎಂಬ ಮೇಸ್ತ್ರಿಯ ದಿನಚರಿ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಫ್ರಾನ್ಸಿನ ಪಿಯೆರ್ ತಾಲೆ ಅವರ ತಂಡಕ್ಕೆ ಅದು ಸಿಕ್ಕಿತು. ಸುಮಾರು 4500 ವರ್ಷ ಹಳೆಯದು. ತುರಾದ ಗಣಿಯಲ್ಲಿ ಸುಣ್ಣಕಲ್ಲು ದೋಣಿಗೇರಿಸಿದ್ದು, ರಾತ್ರಿ ತಂಗಿದ್ದು, ಖುಫು ದೊರೆಯ ಪಿರಮಿಡ್ಡಿಗಾಗಿ ಅದನ್ನು ಗೀಜಾಕ್ಕೆ ಮುಟ್ಟಿಸಿದ್ದು, ಎಲ್ಲವೂ ದಿನವಹಿ ದಾಖಲಾಗಿದೆ. ದೊರೆಗಳ ಹೆಸರು ಕಲ್ಲಿನಲ್ಲಿದೆ. ದುಡಿದವರ ದಿನಗಳು ಉಳಿದದ್ದು ಈ ನಾರಿನ ಮೇಲೆ.

ತೇವ ತಾಗಿದರೆ ಪಪೈರಸ್ ಕೊಳೆಯುತ್ತದೆ. ಆದರೆ ಮರುಭೂಮಿಯ ಒಣ ಮರಳು ಅದನ್ನು ಕಾಪಾಡಿತು. ಈಜಿಪ್ಟಿನ ಆಕ್ಸಿರಿಂಕಸ್ ಊರಿನ ಹಳೆಯ ಕಸದ ಗುಡ್ಡೆಗಳಲ್ಲಿ ಪಪೈರಸ್ ಮೇಲೆ ಸಿಕ್ಕ ಒಂದು ಗ್ರೀಕ್ ಪ್ರಹಸನ ಭಾರತದ ಕರಾವಳಿಯಲ್ಲಿ ನಡೆಯುತ್ತದೆ. ಅದರಲ್ಲಿ ಅಲ್ಲಿನ ಜನ ಆಡುವ ಮಾತು ಕನ್ನಡವೇ ಎಂದು ಶಾಮಶಾಸ್ತ್ರಿ, ಗೋವಿಂದ ಪೈಯಂಥ ವಿದ್ವಾಂಸರು ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.