ಜಿ7ರ ಒಂಟೆಯ ಪ್ರದಕ್ಷಿಣೆ

ಅಗರದ ಜಗಲಿಯಲ್ಲಿ ಚದುರಂಗ ಹಾಸಿದರೆ ನಮ್ಮ ಸೋದರಮಾವ ಮೊದಲೇ ಹೇಳಿಬಿಡುತ್ತಿದ್ದರು: "ಕಾಲಾಳಿಗೆ ಒಂದೇ ಮನೆ ಕಣ್ಲ. ಎರಡು ಮನೆ ಹಾರೋದೆಲ್ಲ ಇಂಗ್ಲಿಷ್‌ನೋರ ಆಟ." ಕಿಂಗ್ಸ್ ಇಂಡಿಯನ್ ಡಿಫೆನ್ಸ್ ಎಂಬ ಆರಂಭವನ್ನು ಕಲಿಯುವಾಗ ನೆನಪಾದದ್ದು ಇದೇ ಮಾತು. ಬಿಳಿ ಡಿ4 ನಡೆಸಿದರೆ ಕರಿ ಕುದುರೆ ಎಫ್6ಕ್ಕೆ. ಆಮೇಲೆ ಜಿ6, ಒಂಟೆ ಜಿ7, ಡಿ6. ಕರಿಯ ಕಾಲಾಳುಗಳು ಒಂದೊಂದೇ ಮನೆ ಕದಲುವಷ್ಟರಲ್ಲಿ ಬಿಳಿಯವನು ಸಿ4, ಡಿ4, ಇ4ರಲ್ಲಿ ಬೇಲಿ ಹಾಕಿರುತ್ತಾನೆ.

'ಇಂಡಿಯನ್' ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. 1850ರ ದಶಕದಲ್ಲಿ ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ, ಸ್ಕಾಟ್ಲೆಂಡಿನ ವಕೀಲ ಜಾನ್ ಕಾಕ್ರೇನ್ ಎದುರು ಇಂಥ ಆಟವನ್ನೇ ಆಡುತ್ತಿದ್ದರು. ಆಗ ಇತ್ತ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗಳಲ್ಲೂ ಸುತ್ತಿಸುವ ಬಂಧಗಳನ್ನು ಕಟ್ಟುತ್ತಿದ್ದರು. ಮಹೇಶಚಂದ್ರರೂ ಒಡೆಯರೂ ಎದುರುಬದುರು ಕೂತಿದ್ದರೆ!

ಈ ಆರಂಭವನ್ನು ಕಲಿಸುವವರೆಲ್ಲ ಜಿ7ರ ಒಂಟೆಯನ್ನು ಹೊಗಳುತ್ತಾರೆ. ನನ್ನ ತಕರಾರು ಅಲ್ಲೇ. ಕರಿ ಇ5 ಆಡಿ, ಬಿಳಿ ಡಿ5 ಎಂದು ಮುಚ್ಚಿದ ಮೇಲೆ ಆ ಒಂಟೆ ತನ್ನದೇ ಕಾಲಾಳಿನ ಬೆನ್ನು ನೋಡುತ್ತಾ ಕೂರುತ್ತದೆ. ಇದಕ್ಕೆ ಮದ್ದು ತೋರಿಸಿದ್ದು 1953ರ ಜ್ಯೂರಿಕ್ ಪಂದ್ಯಾವಳಿಯಲ್ಲಿ ತೈಮನೋವ್ ವಿರುದ್ಧ ನಜ್ಡಾರ್ಫ್ ಆಡಿದ ಆಟ. ಬಿಳಿ ಮಂತ್ರಿಯ ಕಡೆ ಸಿ5 ಎಂದು ನುಗ್ಗಿದರೆ, ಕರಿ ರಾಜನ ಕಡೆ ಎಫ್5, ಎಫ್4, ಜಿ5, ಜಿ4 ಎಂದು ಉರುಳಿಸಿಕೊಂಡು ಬಂದು, ಜಿ3ರಲ್ಲಿ ಕಾಲಾಳನ್ನೇ ಬಲಿ ಕೊಟ್ಟಿತು. ಆ ಸೋಮಾರಿ ಒಂಟೆ ಮೊದಲು ಎಫ್8ಕ್ಕೆ ಹಿಂದೆ ಸರಿಯಿತು, ಅಲ್ಲಿಂದ ಇ7, ಜಿ5. ಕೊನೆಗೆ ಇ3ರಲ್ಲಿ ನಿಂತು ಬಿಳಿ ರಾಜನಿಗೆ ಚೆಕ್ ಕೊಟ್ಟಿತು. ಗೆದ್ದದ್ದು ಕರಿ. ಇಟ್ಟ ಕಾಯಿಯನ್ನು ಎತ್ತಿ ಬೇರೆಡೆ ಇಡುವ ಧೈರ್ಯವೇ ಈ ಆರಂಭದ ಜೀವಾಳ. ಐದು ನಡೆ ಬಾಯಿಪಾಠ ಮಾಡಿದವರಿಗೆ ಅದು ದಕ್ಕುವುದಿಲ್ಲ.

ದೋಷಗಳೂ ಸಣ್ಣವಲ್ಲ. ರಾಜನ ಕಡೆಯ ದಾಳಿ ಒಂದು ನಡೆ ತಡವಾದರೂ ಸಿ ಸಾಲಿನಲ್ಲಿ ಬಿಳಿ ಆನೆಗಳು ಒಳಗೆ ಬಂದಿರುತ್ತವೆ. ಬಿಳಿಯ ಬಿ4 ನಡೆಯ ಎದುರು 1997ರಲ್ಲಿ ಕ್ರಾಮ್ನಿಕ್ ಕೈಲಿ ಸೋತ ಕಾಸ್ಪರೋವ್ ಆಮೇಲೆ ಇದನ್ನು ಹೆಚ್ಚುಕಡಿಮೆ ಕೈಬಿಟ್ಟರು. ಕಂಪ್ಯೂಟರನ್ನು ಕೇಳಿದರಂತೂ ಬಿಳಿಗೇ ಮೇಲುಗೈ ಅನ್ನುತ್ತದೆ. ಸಿ4 ಆಡದೆ ಒಂಟೆಯನ್ನು ಎಫ್4ಕ್ಕೆ ತಂದು ಕೂರುವ ಲಂಡನ್ ಪದ್ಧತಿಯವರ ಎದುರು ಇದೇ ಜೋಡಣೆ ಸಪ್ಪೆ. ಅಲ್ಲಿ ಕರಿ ಸಿ5 ಆಡಿ ಕೆಣಕಲೇಬೇಕು.

ಇಷ್ಟಾದರೂ ಗೆಲ್ಲಲೇಬೇಕಾದ ದಿನ ಕರಿ ಕಾಯಿ ಸಿಕ್ಕರೆ ನಾನು ಆಡುವುದು ಇದನ್ನೇ. ಅರ್ಧ ಅಂಕ ಸಾಕು ಅನ್ನುವ ದಿನ ಮಾತ್ರ ನೀವು ಇದರ ತಂಟೆಗೆ ಹೋಗಬೇಡಿ, ಸ್ಲಾವ್ ಡಿಫೆನ್ಸ್ ಆಡಿ.