ಅಧಿಕಾರಾರಂಭದ ವಾಣಿ: ಉಮ್ಮತ್ತೂರಿನ ಬಿರುದುಗಳಿಂದ ಪ್ರಮಾಣವಚನದವರೆಗೆ

ಅಧಿಕಾರವನ್ನು ವಹಿಸಿಕೊಳ್ಳುವ ದಿನ ಆಳುವವನು ಆಡುವ ಮಾತಿನ ಸ್ವರೂಪವೇನು, ಅದು ಕೇಳುವವರ ಮನಸ್ಸನ್ನು ಒಲಿಸಿಕೊಳ್ಳುವ ಬಗೆ ಯಾವುದು ಎಂಬ ಪ್ರಶ್ನೆ ಪಾಶ್ಚಾತ್ಯ ವಾಗ್ಮಿತಾಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚಿತವಾಗಿದೆ. ಅರಿಸ್ಟಾಟಲನು ಭಾಷಣಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದನು: ಮುಂದಣ ಕಾರ್ಯವನ್ನು ನಿಶ್ಚಯಿಸುವ ಸಭೆಯ ಮಾತು, ನ್ಯಾಯಾನ್ಯಾಯಗಳನ್ನು ತೂಗುವ ನ್ಯಾಯಸ್ಥಾನದ ಮಾತು, ಸ್ತುತಿನಿಂದೆಗಳಿಗೆ ಮೀಸಲಾದ ಉತ್ಸವದ ಮಾತು. ಅಧಿಕಾರಾರಂಭದ ಭಾಷಣವನ್ನು ಮೂರನೆಯ ವರ್ಗಕ್ಕೆ ಸೇರಿಸುವುದು ವಾಡಿಕೆ. ಅಮೆರಿಕದಲ್ಲಿ ಇದಕ್ಕೆ ಒಂದು ಸಿದ್ಧರೂಪವೇ ಉಂಟು. ಅಲ್ಲಿ 1841ರಲ್ಲಿ ಹ್ಯಾರಿಸನ್ ಎಂಟು ಸಾವಿರಕ್ಕೂ ಮೀರಿದ ಪದಗಳ ಭಾಷಣ ಮಾಡಿದನು; 1865ರ ಮಾರ್ಚ್ 4ರಂದು ಲಿಂಕನ್ ಏಳುನೂರರಷ್ಟು ಪದಗಳಲ್ಲಿ ಮುಗಿಸಿದನು. ಜನ ನೆನಪಿಟ್ಟುಕೊಂಡಿರುವುದು ಎರಡನೆಯದನ್ನು.

ನಮ್ಮಲ್ಲಿ ಈ ಬಗೆಯ ಭಾಷಣವೆಂಬ ಸ್ವತಂತ್ರ ಪ್ರಕಾರವೊಂದು ಬೆಳೆಯಲಿಲ್ಲ. ಆದರೆ ಅದರ ಕೆಲಸ ನಡೆಯದೆ ಉಳಿಯಲಿಲ್ಲ. ಹಿಂದೆ ಅದನ್ನು ಶಾಸನದ ಪ್ರಶಸ್ತಿ ಮಾಡುತ್ತಿತ್ತು. ಇಂದು ಪ್ರಮಾಣವಚನವೂ ರಾಜ್ಯಪಾಲರ ಭಾಷಣವೂ ಹಂಚಿಕೊಂಡು ಮಾಡುತ್ತವೆ. ಈ ಎರಡು ಕಾಲಗಳ ಮಾತುಗಳನ್ನು ಒಂದೇ ಒರೆಗಲ್ಲಿಗೆ ಹಚ್ಚಿ ನೋಡುವುದು ಪ್ರಕೃತ ಲೇಖನದ ಉದ್ದೇಶ. ಇದಕ್ಕಾಗಿ ನಾವು ಚಾಮರಾಜನಗರ ಸೀಮೆಯ ಉಮ್ಮತ್ತೂರನ್ನು ಆರಿಸಿಕೊಂಡಿದ್ದೇವೆ. ಚಿಕ್ಕ ಊರೊಂದು ದೊಡ್ಡ ಮಾತನ್ನಾಡಿ ಅದರ ಬೆಲೆಯನ್ನು ತೆತ್ತ ಚರಿತ್ರೆ ಅಲ್ಲಿಯದು.

ಹದಿನೈದನೆಯ ಶತಮಾನದ ಉತ್ತರಾರ್ಧದಲ್ಲಿ ಉಮ್ಮತ್ತೂರಿನ ಒಡೆಯರು ವಿಜಯನಗರದ ಅಧೀನದಲ್ಲಿದ್ದುಕೊಂಡೇ ಪ್ರಬಲರಾದರು. ಶಾಸನಗಳಲ್ಲಿ ಅವರು ಧರಿಸಿರುವ ಬಿರುದುಗಳಲ್ಲಿ ಎರಡು ವಿಶೇಷವಾಗಿ ಗಮನಾರ್ಹವಾದುವು. ಒಂದು ‘ಪೆನುಗೊಂಡ ಚಕ್ರೇಶ್ವರ’, ಮತ್ತೊಂದು ‘ಚಿಕ್ಕರಾಯ’. ಪೆನುಗೊಂಡೆ ಉಮ್ಮತ್ತೂರಿಗೆ ಬಹುದೂರದ ದುರ್ಗ. ವಿಜಯನಗರ ಸಾಮ್ರಾಜ್ಯದ ಮುಖ್ಯ ಪ್ರಾಂತವೊಂದರ ನೆಲೆ. ಚಿಕ್ಕರಾಯನೆಂದರೆ ರಾಯನ ತರುವಾಯ ಪಟ್ಟಕ್ಕೆ ಬರತಕ್ಕವನು. ಇವು ಇದ್ದುದನ್ನು ವರ್ಣಿಸುವ ಮಾತುಗಳಲ್ಲ. ಆಗಬೇಕೆಂದುದನ್ನು ಆಗಿಹೋಗಿದೆಯೆಂಬಂತೆ ಸಾರುವ ಮಾತುಗಳು. ಬಿರುದು ವಾದವನ್ನು ಹೂಡುವುದಿಲ್ಲ, ಕಾರಣವನ್ನು ಕೊಡುವುದಿಲ್ಲ. ಹೆಸರಿಟ್ಟುಬಿಡುತ್ತದೆ. ಆ ಹೆಸರನ್ನು ಕೇಳುಗನು ಒಂದು ಸಲ ಉಚ್ಚರಿಸಿದನೆಂದರೆ ಅರ್ಧ ಒಪ್ಪಿದಂತೆಯೇ. ಮನವೊಲಿಕೆಯ ಈ ಉಪಾಯ ಎಷ್ಟು ಹಳೆಯದೋ ಅಷ್ಟೇ ಬಲವಾದುದು.

ಇದಕ್ಕೆ ಎದುರಾಗಿ ನಿಂತವನ ಮಾತನ್ನೂ ಕೇಳಬೇಕು. ಕೃಷ್ಣದೇವರಾಯನು 1509ರಲ್ಲಿ ಪಟ್ಟಕ್ಕೆ ಬಂದನು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿರುವ, 1510ರ ಆರಂಭಕ್ಕೆ ಸೇರುವ ಅವನ ಶಾಸನವನ್ನು ನಮ್ಮ ನಾಡಿನ ಅಧಿಕಾರಾರಂಭದ ಭಾಷಣವೆಂದೇ ಓದಬಹುದು. ಪಟ್ಟಾಭಿಷೇಕದ ಉತ್ಸವವೇ ಅದರ ಸಂದರ್ಭ. ಅದು ಚಂದ್ರನಿಂದ ವಂಶವನ್ನು ಹೇಳಲು ತೊಡಗಿ ತುಳುವ ಮನೆತನಕ್ಕೆ ಇಳಿಯುತ್ತದೆ. ಈ ಮನೆತನ ಸಿಂಹಾಸನವನ್ನೇರಿ ಆಗ ಕೆಲವೇ ವರ್ಷಗಳಾಗಿದ್ದುವು. ಅಧಿಕಾರ ಹೊಸದಾದಷ್ಟೂ ವಂಶಾವಳಿ ಹಳೆಯದಾಗುವುದು ಪ್ರಶಸ್ತಿಯ ಧರ್ಮ. ಈ ಮಟ್ಟಿಗೆ ರಾಯನ ಮಾತಿಗೂ ಉಮ್ಮತ್ತೂರಿನ ಮಾತಿಗೂ ಭೇದವಿಲ್ಲ. ಎರಡೂ ತಮ್ಮ ಹಕ್ಕಿನ ಕೊರತೆಯನ್ನು ನಾಮಘೋಷದಿಂದ ತುಂಬಿಕೊಳ್ಳುತ್ತವೆ. ಮುಂದಿನ ತೀರ್ಪು ಮಾತಿನದಾಗಲಿಲ್ಲ, ಸೈನ್ಯದ್ದಾಯಿತು. ಪಟ್ಟಕ್ಕೆ ಬಂದ ಕೆಲವೇ ವರ್ಷಗಳಲ್ಲಿ ರಾಯನು ಉಮ್ಮತ್ತೂರಿನ ಗಂಗರಾಜನ ಮೇಲೆ ದಂಡೆತ್ತಿ ಶಿವನಸಮುದ್ರದ ಕೋಟೆಯನ್ನು ಹಿಡಿದನು. ಪೆನುಗೊಂಡೆಯ ಚಕ್ರೇಶ್ವರತ್ವ ಕಲ್ಲಿನಲ್ಲಿ ಉಳಿಯಿತು.

ಆದರೆ ಗೆದ್ದವನ ಮಾತೇ ಉತ್ತಮವೆಂದು ತೀರ್ಮಾನಿಸಿದರೆ ವಿಮರ್ಶೆಯ ಕೆಲಸವನ್ನು ಸೇನಾಪತಿಗೆ ಒಪ್ಪಿಸಿದಂತಾಗುತ್ತದೆ. ನಾವು ನೋಡಬೇಕಾದುದು ಶಾಸನದ ಒಟ್ಟು ರಚನೆಯನ್ನು. ಹಂಪೆಯ ಶಾಸನ ಪ್ರಶಸ್ತಿಯಲ್ಲಿಯೇ ಮುಗಿಯುವುದಿಲ್ಲ. ವಿರೂಪಾಕ್ಷನಿಗೆ ಸಿಂಗನಾಯಕನಹಳ್ಳಿಯೆಂಬ ಊರನ್ನು ಬಿಟ್ಟುದನ್ನೂ ರಂಗಮಂಟಪವನ್ನು ಕಟ್ಟಿಸಿದುದನ್ನೂ ಹೇಳುತ್ತದೆ. ನಮ್ಮ ದಾನಶಾಸನಗಳ ಸಾಮಾನ್ಯ ಕ್ರಮವೂ ಇದೇ: ಮೊದಲು ಪ್ರಶಸ್ತಿ, ಆಮೇಲೆ ದತ್ತಿಯ ವಿವರ, ಮೂಡಣ ತೆಂಕಣ ಪಡುವಣ ಬಡಗಣ ಎಲ್ಲೆಗಳು, ಕೊನೆಗೆ ಅಳುಪಿದವರಿಗೆ ಶಾಪ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆಗೆ ಎಷ್ಟು ಅವಕಾಶವೋ ಎಲ್ಲೆಯ ಭಾಗದಲ್ಲಿ ಅದಕ್ಕೆ ಅಷ್ಟು ನಿಷೇಧ. ಅಲ್ಲಿ ಹಳ್ಳ, ಹುತ್ತ, ನೆಟ್ಟ ಕಲ್ಲು, ಹುಣಿಸೆಯ ಮರ ಎಂಬ ಮಾತುಗಳೇ ಹೊರತು ಚಂದ್ರವಂಶವಿಲ್ಲ. ಊರಿನ ಒಕ್ಕಲು ಪ್ರಶಸ್ತಿಯನ್ನು ನಂಬಬಹುದು, ಬಿಡಬಹುದು. ಎಲ್ಲೆಯನ್ನು ಮಾತ್ರ ನಡೆದು ನೋಡಬಲ್ಲವನು. ಶಾಪವಾದರೋ ದಾನ ಕೊಟ್ಟವನ ವಂಶದವರನ್ನೂ ಬಿಡುವುದಿಲ್ಲ. ಮಾತನಾಡಿದವನು ತನ್ನ ಮಾತಿಗೆ ತಾನೇ ಕಟ್ಟುಬೀಳುತ್ತಾನೆ. ಹೀಗೆ ಹಳೆಯ ಶಾಸನದಲ್ಲಿ ಮೂರು ಅಂಗಗಳಿವೆ: ಹೆಸರು, ಎಲ್ಲೆ, ಕಟ್ಟು. ಈ ಮೂರನ್ನು ನಾವು ಒರೆಗಲ್ಲಾಗಿ ಇಟ್ಟುಕೊಳ್ಳೋಣ.

ಇನ್ನು ನಮ್ಮ ಕಾಲಕ್ಕೆ ಬರೋಣ. ಸಂವಿಧಾನದ ಮೂರನೆಯ ಅನುಸೂಚಿ ರಾಜ್ಯದ ಮಂತ್ರಿಗಳ ಪ್ರಮಾಣವಚನವನ್ನು ಅಕ್ಷರಶಃ ನಿಗದಿಮಾಡಿದೆ. ಸಂವಿಧಾನದಲ್ಲಿ ನಿಷ್ಠೆ, ಕರ್ತವ್ಯದಲ್ಲಿ ಶ್ರದ್ಧೆ, ಭಯ ಪಕ್ಷಪಾತ ರಾಗ ದ್ವೇಷಗಳಿಲ್ಲದೆ ಎಲ್ಲ ಬಗೆಯ ಜನರಿಗೂ ನ್ಯಾಯ ಎಂಬುವು ಅದರ ತಿರುಳು. ಇಲ್ಲಿ ವಾಗ್ಮಿತೆಗೆ ಎಡೆಯೇ ಇಲ್ಲವೆಂದು ತೋರುವುದು ಸಹಜ. ಆದರೆ ಒಂದೇ ಒಂದು ಕಡೆ ಆಯ್ಕೆಯುಂಟು: ದೇವರ ಹೆಸರಿನಲ್ಲಿ ಪ್ರಮಾಣಮಾಡಬಹುದು, ಇಲ್ಲವೆ ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಈ ಕಿರಿದಾದ ಬಾಗಿಲಿನಿಂದಲೇ ಬಿರುದಾವಳಿ ಮತ್ತೆ ಒಳಕ್ಕೆ ಬಂದಿದೆ. 2018ರ ಮೇ 17ರಂದು ಶ್ರೀ ಬಿ. ಎಸ್. ಯಡಿಯೂರಪ್ಪನವರು ದೇವರ ಮತ್ತು ರೈತರ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದರು. ಮರು ತಿಂಗಳು ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಶಾಸಕರಾದ ಶ್ರೀ ಎನ್. ಮಹೇಶ್ ಬುದ್ಧ, ಬಸವಣ್ಣ, ಅಂಬೇಡ್ಕರರ ಹೆಸರಿನಲ್ಲಿ ಮಂತ್ರಿಗಳಾದರು. 2023ರ ಮೇ 20ರಂದು ಶ್ರೀ ಡಿ. ಕೆ. ಶಿವಕುಮಾರ್ ತಮ್ಮ ಗುರುಗಳಾದ ಗಂಗಾಧರ ಅಜ್ಜನ ಹೆಸರಿನಲ್ಲಿ ಪ್ರಮಾಣಮಾಡಿದರು. ಪಕ್ಷ ಬೇರೆ, ಹೆಸರು ಬೇರೆ, ಕ್ರಮ ಒಂದೇ.

ಈ ಕ್ರಮವನ್ನು ಬರಿಯ ಆಡಂಬರವೆಂದು ತಳ್ಳಿಹಾಕುವುದು ನಮಗೆ ಸಮ್ಮತವಲ್ಲ. ಶತಮಾನಗಳ ಕಾಲ ಪ್ರಶಸ್ತಿಯಲ್ಲಿ ಯಾರ ಹೆಸರಿಗೂ ಸ್ಥಳವಿಲ್ಲದಿದ್ದ ಜನರು ಅಂಬೇಡ್ಕರರ ಹೆಸರು ರಾಜ್ಯಪಾಲರ ಸಮ್ಮುಖದಲ್ಲಿ ಉಚ್ಚರಿತವಾಗುವುದನ್ನು ಕೇಳಿದಾಗ, ಅದು ಅವರಿಗೆ ಅಲಂಕಾರವಲ್ಲ; ಸಭೆಯಲ್ಲಿ ತಮಗೂ ಒಂದು ಮಣೆ ಹಾಕಿದಂತೆ. ರೈತನ ಹೆಸರಿನ ಮಾತೂ ಹಾಗೆಯೇ. ಆದರೆ ಇದರಲ್ಲಿ ಒಂದು ಒಳತೊಡಕು ಇದೆಯೆಂಬುದನ್ನು ಮರೆಯಲಾಗದು. ವಾಕ್ಯದ ತಲೆ ಒಂದು ವರ್ಗದ ಕಡೆಗೋ ಒಂದು ಮಠದ ಕಡೆಗೋ ತಿರುಗಿದೆ. ವಾಕ್ಯದ ಒಡಲು ರಾಗದ್ವೇಷವಿಲ್ಲದೆ ಎಲ್ಲರಿಗೂ ನ್ಯಾಯವೆನ್ನುತ್ತದೆ. ಕರೆದ ಹೆಸರು ಎಲ್ಲರನ್ನೂ ಒಳಗೊಳ್ಳಬಲ್ಲುದೇ ಎಂಬುದರ ಮೇಲೆ ಆ ಪ್ರಮಾಣದ ಸತ್ತ್ವ ನಿಂತಿದೆ. ಹೆಸರು ಕಟ್ಟನ್ನು ತಾನಾಗಿ ತರುವುದಿಲ್ಲವೆಂಬುದಕ್ಕೂ ಉದಾಹರಣೆಯುಂಟು. ರೈತರ ಹೆಸರಿನಲ್ಲಿ ಆರಂಭವಾದ 2018ರ ಆ ಸರ್ಕಾರ ವಿಶ್ವಾಸಮತಕ್ಕೆ ಮುನ್ನವೇ, ಮೇ 19ರಂದು, ಮುಖ್ಯಮಂತ್ರಿಗಳ ರಾಜೀನಾಮೆಯಿಂದ ಕೊನೆಗೊಂಡಿತು. ಹೆಸರು ಎಷ್ಟು ದೊಡ್ಡದಾದರೂ ಸಂಖ್ಯೆಯ ಎಲ್ಲೆಯನ್ನು ಅದು ಸರಿಸಲಾರದು.

ಹಾಗಾದರೆ ಎಲ್ಲೆಯ ಭಾಗ ಎಲ್ಲಿದೆ? ಸಂವಿಧಾನದ 176ನೆಯ ಅನುಚ್ಛೇದದಂತೆ ಚುನಾವಣೆಯ ತರುವಾಯದ ಮೊದಲ ಅಧಿವೇಶನದಲ್ಲಿಯೂ ಪ್ರತಿವರ್ಷದ ಮೊದಲ ಅಧಿವೇಶನದಲ್ಲಿಯೂ ರಾಜ್ಯಪಾಲರು ಭಾಷಣ ಮಾಡುತ್ತಾರೆ. ಅದನ್ನು ಸಿದ್ಧಪಡಿಸುವುದು ಮಂತ್ರಿಮಂಡಲ, ಓದುವವರು ಬೇರೆ. ‘ನನ್ನ ಸರ್ಕಾರ’ ಎಂಬ ರೂಢಿಯ ಮಾತಿನಲ್ಲಿ ‘ನಾನು’ ಎನ್ನುವವರು ಮಾಡುವವರಲ್ಲ, ಮಾಡುವವರು ‘ನಾನು’ ಎನ್ನುವುದಿಲ್ಲ. ಅಂಕಿಗಳೂ ಯೋಜನೆಗಳೂ ಇರುವುದು ಈ ಭಾಷಣದಲ್ಲಿ. ಜನರ ಮುಂದೆ ಕೈಯೆತ್ತಿ ಕಟ್ಟುಬೀಳುವುದು ಪ್ರಮಾಣದಲ್ಲಿ. ಶಾಸನವು ಒಂದೇ ಕಲ್ಲಿನ ಮೇಲೆ ಕೂಡಿಸಿದ್ದುದನ್ನು ನಾವು ಎರಡು ವೇದಿಕೆಗಳಿಗೆ ಹಂಚಿದ್ದೇವೆ. ಜನ ಉತ್ಸಾಹದಿಂದ ಕೇಳುವ ಮಾತಿನಲ್ಲಿ ಎಲ್ಲೆಯಿಲ್ಲ. ಎಲ್ಲೆಯಿರುವ ಮಾತನ್ನು ಕೇಳುವವರು ವಿರಳ. ಕಲ್ಲಿನ ಮಾತೇ ಬೇಕೆಂದರೆ, 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಖದ ಮೇಲೆ ಸರ್ಕಾರದ ಕೆಲಸ ದೇವರ ಕೆಲಸವೆಂದು ಕೆತ್ತಿದೆ. ಶ್ರೀ ಕೆಂಗಲ್ ಹನುಮಂತಯ್ಯನವರ ಕಾಲದ ಆ ಸಾಲು ಉದಾತ್ತವಾದ ಪ್ರಶಸ್ತಿಯೇ ಸರಿ. ಆದರೆ ಅದರ ಕೆಳಗೆ ಮೂಡಣ ಪಡುವಣ ಎಲ್ಲೆಗಳನ್ನು ಯಾರೂ ಬರೆದಿಲ್ಲ.

ಕಡೆಯದಾಗಿ ಒಂದು ವಿಷಯ. ಅಧಿಕಾರಾರಂಭದಲ್ಲಿ ನಿಂತ ನೆಲವೂ ಮಾತಾಗುತ್ತದೆ. ಚಾಮರಾಜನಗರಕ್ಕೆ ಹೋದ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುವನೆಂಬ ನಂಬಿಕೆ ಬಹುಕಾಲ ನಾಡಿನ ರಾಜಕೀಯದಲ್ಲಿ ಬೇರೂರಿತ್ತು. 1997ರಲ್ಲಿ ಮೈಸೂರು ಜಿಲ್ಲೆಯನ್ನು ವಿಭಾಗಿಸಿ ಹೊಸ ಜಿಲ್ಲೆಯನ್ನು ರಚಿಸಿದಾಗ, ಮುಖ್ಯಮಂತ್ರಿಗಳಾಗಿದ್ದ ಶ್ರೀ ಜೆ. ಎಚ್. ಪಟೇಲರು ಅದರ ಉದ್ಘಾಟನೆಯನ್ನು ಜಿಲ್ಲಾಕೇಂದ್ರದಲ್ಲಿ ನಡೆಸದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ನೆರವೇರಿಸಿದರು. ಬೆಟ್ಟ ಜಿಲ್ಲೆಯ ಒಳಗೇ ಇದೆ. ಅಲ್ಲಿಯ ಪಾವಿತ್ರ್ಯ ದೊಡ್ಡದು. ಆದರೆ ಒಂದು ಊರಿಗೆ ಜಿಲ್ಲಾಕೇಂದ್ರದ ಗೌರವವನ್ನು ಕೊಡುವ ಮಾತನ್ನು ಆ ಊರಿನಿಂದ ದೂರ ನಿಂತು ಆಡಿದಾಗ, ಬಾಯಿ ಕೊಟ್ಟುದನ್ನು ಕಾಲು ಹಿಂದಕ್ಕೆ ಪಡೆದಂತಾಯಿತು. 2013ರಿಂದ 2018ರವರೆಗೆ ಶ್ರೀ ಸಿದ್ದರಾಮಯ್ಯನವರು ಹಲವು ಸಲ ಚಾಮರಾಜನಗರಕ್ಕೆ ಬಂದು ತಮ್ಮ ಅವಧಿಯನ್ನು ಪೂರ್ಣಗೊಳಿಸಿದರು. ಯಾವ ಭಾಷಣವೂ ತರ್ಕಿಸಿ ನೀಗಲಾರದಿದ್ದ ನಂಬಿಕೆಯನ್ನು ಬರಿಯ ಬರವು ಸಡಿಲಿಸಿತು.

ಇದರಿಂದ ನಾವು ಕಾಣುವುದಿಷ್ಟು. ಕನ್ನಡ ನಾಡಿನಲ್ಲಿ ಅಧಿಕಾರಾರಂಭದ ಮಾತು ವಾದದಿಂದ ಒಲಿಸುವುದಕ್ಕಿಂತ ಹೆಸರಿನಿಂದ ಒಲಿಸುವುದೇ ಹೆಚ್ಚು. ಅದು ದೋಷವಲ್ಲ, ಅದು ಅರ್ಧ ಮಾತ್ರ. ಪೆನುಗೊಂಡೆಯ ಹೆಸರನ್ನು ಹೇಳಿಕೊಂಡವರು ಪೆನುಗೊಂಡೆಯಲ್ಲಿ ನಿಂತು ಅದನ್ನು ಹೇಳಲಿಲ್ಲ. ಇಂದು ಯಾರ ಹೆಸರು ಹೇಳಿದರೆಂಬುದನ್ನು ಪತ್ರಿಕೆಗಳು ಮರುದಿನವೇ ತಿಳಿಸುತ್ತವೆ. ಯಾವ ಎಲ್ಲೆಯವರೆಗೆ ಕೊಟ್ಟರು, ತಪ್ಪಿದರೆ ಯಾವುದಕ್ಕೆ ಕಟ್ಟುಬಿದ್ದರು, ಯಾರ ಎದುರಿಗೆ ನಿಂತು ಆಡಿದರು ಎಂಬುದನ್ನು ಕೇಳುವ ಹೊಣೆ ಮಾತ್ರ ಕೇಳುಗನದೇ. ಕಲ್ಲನ್ನು ಓದುವವನು ಪ್ರಶಸ್ತಿಯ ಸಾಲು ಮುಗಿದೊಡನೆ ಎದ್ದು ಹೋಗಬಾರದು. ದತ್ತಿಯ ವಿವರ ಮುಂದಿನ ಸಾಲಿನಿಂದ ಆರಂಭವಾಗುತ್ತದೆ.